ಮಂಗಮ್ಮ ಸುರಿದ ಮಸ್ಸೊಪ್ಪು

ಮಂಗಮ್ಮನಿಗೆ ಒಂದು ದಿನದ ಅಡುಗೆ ಕೂಲಿ ಬರಬೇಕು. ಸಾವಿರದ ಇನ್ನೂರು ರೂಪಾಯಿ. ಬೇತಮಂಗಲದ ಆಚೆ ಗುಡ್ಡದ ಬುಡದಲ್ಲಿ ವೈನ್ ತೋಟ ಮಾಡಿಕೊಂಡಿರುವ ವೇಣುಗೋಪಾಲ್ ಕೊಡಬೇಕಾದ ದುಡ್ಡು ಅದು. ಫೆಬ್ರವರಿಯ ಕೊನೆಯ ಶನಿವಾರದ ಕೂಲಿ. ಈಗ ಏಪ್ರಿಲ್ ಅರ್ಧ ಕಳೆದಿದೆ. ಮಾಡಿದ ಅಡುಗೆಯನ್ನು ಅವಳೇ ಗುಂಡಿಗೆ ಸುರಿದಳು, ಕೂಲಿ ಯಾತಕ್ಕೆ ಕೊಡಬೇಕು ಎನ್ನುತ್ತಾರೆ. ಸುರಿದದ್ದು ನಿಜ. ಇಪ್ಪತ್ತೆಂಟು ಜನ ತಟ್ಟೆ ಮುಂದೆ ಕೂತಿದ್ದಾಗ ಸುರಿದಳು. ಯಾಕೆ ಸುರಿದಳು ಅನ್ನುವುದನ್ನು ಮಾತ್ರ ಅವರು ಹೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಂಗಮ್ಮನಿಗೆ ಐವತ್ತೆರಡು ವರ್ಷ. ಎರಡು ಸೀಮೆಹಸು, ಮುಕ್ಕಾಲು ಎಕರೆ ಹೊಲ. ಗಂಡ ಆಂಜನಪ್ಪ ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಆಳಾಗಿ ಇಪ್ಪತ್ತು ವರ್ಷ ಕಬ್ಬಿಣ ಹೊತ್ತು, ಸೊಂಟ ಹಿಡಿದ ಮೇಲೆ ಮನೆಯಲ್ಲಿ ಹಸು ನೋಡಿಕೊಂಡಿದ್ದಾನೆ. ಅವಳನ್ನು ನಾನು ಮೊದಲು ಕಂಡದ್ದು ಬಂಗಾರಪೇಟೆ ತಾಲ್ಲೂಕು ಕಚೇರಿ ಮುಂದೆ, ಕುಡಿಯುವ ನೀರಿನ ಧರಣಿಯಲ್ಲಿ. ಭಾಷಣ ಮುಕ್ಕಾಲು ಗಂಟೆ ದಾಟಿತ್ತು. ಹಿಂದಿನ ಸಾಲಿನಲ್ಲಿ ಖಾಲಿ ಕೊಡ ಇಟ್ಟುಕೊಂಡು ಕೂತಿದ್ದ ಹೆಂಗಸು ಎದ್ದು ನಿಂತು, "ಅಣ್ಣಾ, ನಿನ್ ಬಾಯಿ ಒಣಗಿಲ್ವಾ? ನಮ್ ಕೊಡ ಒಣಗೋಗದೆ. ಮುಗ್ಸು, ಒಳಿಕ್ಕೋಗಿ ಕೇಳಾನ" ಅಂದಳು. ಜನ ನಕ್ಕರು. ಭಾಷಣ ಮಾಡುತ್ತಿದ್ದವನು ನಾನೇ. ಅವತ್ತಿನಿಂದ ನಮ್ಮ ಕೂಲಿಕಾರರ ಸಂಘದಲ್ಲಿ ಅವಳಿದ್ದಾಳೆ. ಚಂದಾ ಸರಿಯಾಗಿ ಕೊಡುವುದಿಲ್ಲ, ಬೈಗುಳ ಸರಿಯಾಗಿ ಕೊಡುತ್ತಾಳೆ.

ವೇಣುಗೋಪಾಲರ ತೋಟ ಹನ್ನೊಂದು ಎಕರೆ. ಒಂದು ಶೆಡ್ಡು, ಅದರೊಳಗೆ ಆರು ಸ್ಟೀಲ್ ಟ್ಯಾಂಕು, ಮೂಲೆಯಲ್ಲಿ ನಾಲ್ಕು ಮರದ ಪೀಪಾಯಿ. ಅಷ್ಟೇ. ದೊಡ್ಡ ಕಂಪನಿಯಲ್ಲ. ಆ ತೋಟ ಶುರುವಾದಾಗಿನಿಂದ ಹನ್ನೆರಡು ವರ್ಷ ದ್ರಾಕ್ಷಿ ಸಾಲುಗಳ ಕಳೆ ತೆಗೆದದ್ದು ಹದಿನಾಲ್ಕು ಹೆಂಗಸರು. ಮಂಗಮ್ಮ ಆ ಗುಂಪಿನ ಹಿರಿಯಾಳು. ಕೂಲಿ ಮಾತಾಡುವವಳು ಅವಳು, ಜಗಳವಾದರೆ ಬಿಡಿಸುವವಳು ಅವಳು, ಜಗಳ ಹಚ್ಚುವವಳೂ ಕೆಲವೊಮ್ಮೆ ಅವಳೇ.

ಕಳೆ ತೆಗೆಯುವ ಹೆಂಗಸರಿಗೆ ನಮ್ಮ ಸೀಮೆಯಲ್ಲಿ ಒಂದು ಹಕ್ಕಿದೆ. ಯಾರೂ ಬರೆದುಕೊಟ್ಟದ್ದಲ್ಲ, ಯಾರಪ್ಪನೂ ದಾನ ಮಾಡಿದ್ದಲ್ಲ. ಕಳೆ ಅಂತ ಕಿತ್ತದ್ದರಲ್ಲಿ ಅರ್ಧದಷ್ಟು ತಿನ್ನುವ ಸೊಪ್ಪು. ಅಣ್ಣೆ, ಗಣಿಕೆ, ಗೋಣಿಸೊಪ್ಪು, ಹೊನಗೊನ್ನೆ, ದಗ್ಗಲಸೊಪ್ಪು. ಅದು ಕೆಲಸದವಳದ್ದು. ಸೆರಗನ್ನು ಸೊಂಟಕ್ಕೆ ಸುತ್ತಿ ಚೀಲದ ಹಾಗೆ ಮಡಿಲು ಕಟ್ಟಿಕೊಂಡರೆ, ಸಾಲಿನ ಈ ತುದಿಯಿಂದ ಆ ತುದಿಗೆ ಹೋಗುವುದರೊಳಗೆ ರಾತ್ರಿಯ ಸಾರಿಗೆ ಸೊಪ್ಪು ತುಂಬಿರುತ್ತದೆ. ಕಣ್ಣಿಟ್ಟು ನೋಡಬೇಕಾಗಿಲ್ಲ. ಬಾಯಿ ಊರಿನ ಸುದ್ದಿ ಆಡುತ್ತಿರುತ್ತದೆ, ಕೈ ಕೀಳುತ್ತಿರುತ್ತದೆ. ಹತ್ತು ಬಗೆ ಸೊಪ್ಪು ಬೆರೆತರೆ ಬೆರಕೆ ಸೊಪ್ಪು. ಅದನ್ನು ತೊಗರಿಬೇಳೆ, ಟೊಮೇಟೊ, ಹಸಿಮೆಣಸಿನಕಾಯಿ ಜೊತೆ ಬೇಯಿಸಿ ಮಸೆದರೆ ಮಸ್ಸೊಪ್ಪು. ಮುದ್ದೆಗೆ ಅದಕ್ಕಿಂತ ಬೇರೆ ಬೇಕಿಲ್ಲ.

ಹೋದ ಅಕ್ಟೋಬರಿನಲ್ಲಿ ವೇಣುಗೋಪಾಲ್ ಲೆಕ್ಕ ಹಾಕಿದರು. ಹದಿನಾಲ್ಕು ಹೆಂಗಸರು ಒಂದು ವಾರ ಮಾಡುವ ಕೆಲಸವನ್ನು ಒಬ್ಬ ಆಳು ಬೆನ್ನಿಗೆ ಪಂಪು ಕಟ್ಟಿಕೊಂಡು ಒಂದೂವರೆ ದಿನದಲ್ಲಿ ಮುಗಿಸುತ್ತಾನೆ. ಕಳೆನಾಶಕ ತರಿಸಿದರು. ಹೆಂಗಸರಿಗೆ, "ಬೇಕಾದಾಗ ಹೇಳಿ ಕಳಿಸ್ತೀನಿ" ಅಂದರು. ಈ ಮಾತಿನ ಅರ್ಥ ಕೂಲಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೆಲವರು ಟೊಮೇಟೊ ಹೊಲಗಳಿಗೆ ಹೋದರು. ಅದೇ ಗುಂಪಿನಲ್ಲಿದ್ದ ಮಂಗಮ್ಮನ ಅಣ್ಣನ ಮಗಳು ರಾಧ ಬೆಂಗಳೂರಿಗೆ ಬಿದ್ದಳು. ನಸುಕಿನಲ್ಲಿ ಎದ್ದು ಊರಿಗಾಂ ಸ್ಟೇಷನ್ನಿಗೆ ಬಂದು, ಮಾರಿಕುಪ್ಪಂನಿಂದ ತುಂಬಿಕೊಂಡೇ ಬರುವ ರೈಲಿಗೆ ನುಗ್ಗಿ, ಯಾವುದೋ ಆಫೀಸಿನ ಆರು ಮಹಡಿಯ ಕಕ್ಕಸು ತೊಳೆದು ವಾಪಸು ಬರುವುದು. ಆರು ವರ್ಷದ ಮಗಳು ಎಚ್ಚರವಾಗಿರುವುದನ್ನು ಅವಳು ನೋಡುವುದು ಭಾನುವಾರ ಮಾತ್ರ.

ಹೀಗಿರುವಾಗ ಜನವರಿಯಲ್ಲಿ ವೇಣುಗೋಪಾಲ್ ಮಂಗಮ್ಮನ ಮನೆಗೇ ಬಂದರು. ದ್ರಾಕ್ಷಿ ಸುಗ್ಗಿಗೆ ತೋಟದಲ್ಲಿ ಒಂದು ಊಟ ಇಟ್ಟಿದ್ದೇನೆ ಅಂದರು. ಬೆಂಗಳೂರಿನ ಇಪ್ಪತ್ತೆಂಟು ಜನ, ತಲೆಗೆ ನಾಲ್ಕೂವರೆ ಸಾವಿರ. ಐದು ತಿನಿಸು, ಐದು ವೈನು. ಒಂದೊಂದು ತಿನಿಸಿಗೆ ಒಂದೊಂದು ವೈನು ಹೊಂದಿಸಿ ಕೊಡುವುದು. ಜೊತೆಗೆ ಬಂದಿದ್ದ ಜ್ಯೋತ್ಸ್ನಾ ಎಂಬ ಹುಡುಗಿ ಅದನ್ನೆಲ್ಲ ವಿವರಿಸಿದಳು. ಹೋಟೆಲಿನಲ್ಲಿ ಅಡುಗೆ ಕಲಿತವಳು, ಊಟದ ಪಟ್ಟಿ ಮಾಡಿದವಳು.

ಮಂಗಮ್ಮ ಹಾಲಿನ ಕ್ಯಾನು ತೊಳೆಯುತ್ತಲೇ ಕೇಳಿಸಿಕೊಂಡಳು. "ಅಂಗಾದ್ರೆ ಗಂಡಿಗೂ ಎಣ್ಣಿಗೂ ಜಾತ್ಕ ಕೂಡ್ಸಿದಂಗೆ ಅನ್ನಿ."

"ಕರೆಕ್ಟ್ ಆಂಟಿ! ಅದೇ," ಅಂದಳು ಜ್ಯೋತ್ಸ್ನಾ.

"ಕೂಡ್ಲಿಲ್ಲ ಅಂದ್ರೆ?"

"ಕೂಡ್ಲೇಬೇಕು," ಅಂದರು ವೇಣುಗೋಪಾಲ್. "ಇದು ಚೆನ್ನಾಗಾದ್ರೆ ವರ್ಷಕ್ಕೆ ನಾಲ್ಕು ಊಟ ಮಾಡ್ತೀನಿ ಮಂಗಮ್ಮ. ಮಸ್ಸೊಪ್ಪು, ನಾಟಿಕೋಳಿ ಸಾರು ನಿನ್ನ ಕೈಯದು. ಬರೋರಿಗೆ ಕೈಯಲ್ಲಿ ಕಳೆ ತೆಗೆದ ತೋಟ ಅಂದ್ರೆ ಬೆಲೆ ಜಾಸ್ತಿ. ಈ ಊಟ ಗೆದ್ದರೆ ಔಷಧಿ ಬಿಟ್ಟುಬಿಡ್ತೀನಿ. ಜೂನಿಂದ ನಿಮ್ಮ ಹೆಂಗಸರನ್ನೆಲ್ಲ ಕರ್ಕೊಂಡು ಬಾ."

"ಹದಿನಾಕು ಜನಾನೂ?"

"ಹದಿನಾಲ್ಕೂ ಜನಾನೂ."

ಅವತ್ತು ಸಂಜೆಯೊಳಗೆ ಮಂಗಮ್ಮ ಹದಿಮೂರು ಮನೆಗೂ ಹೋಗಿ ಹೇಳಿ ಬಂದಳು. ಅಲ್ಲಿಗೆ ಆ ಊಟ ಅವಳ ಕುತ್ತಿಗೆಗೆ ಬಿತ್ತು. ತಿಂಗಳೊಪ್ಪತ್ತು ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಹಾಲು ಕರೆಯುವಾಗ ಹಸು ಒದ್ದರೆ ಹಸುವಿನ ಮೇಲೆ, ಸಾರಿಗೆ ಉಪ್ಪು ಕಮ್ಮಿ ಅಂದರೆ ಆಂಜನಪ್ಪನ ಮೇಲೆ ರೇಗುವುದು. ದಾರಿಯಲ್ಲಿ ಸಿಕ್ಕವರೆಲ್ಲ, "ಅಕ್ಕಾ, ಜೂನು ಖಾತ್ರೀನಾ?" ಅಂತ ಕೇಳುವುದು.

ಊಟಕ್ಕೆ ಒಂದು ವಾರ ಇದ್ದಾಗ ಜ್ಯೋತ್ಸ್ನಾ ಅಚ್ಚು ಹಾಕಿಸಿದ ಕಾರ್ಡು ತಂದು ಓದಿದಳು. ಎರಡನೇ ತಿನಿಸು: 'ನಮ್ಮ ದ್ರಾಕ್ಷಿ ಸಾಲುಗಳಲ್ಲಿ ಬೆಳಗ್ಗೆ ಕೈಯಾರೆ ಕಿತ್ತ ಬೆರಕೆ ಸೊಪ್ಪಿನ ಮಸ್ಸೊಪ್ಪು, ಪುಟ್ಟ ಮುದ್ದೆ. ಜೊತೆಗೆ ಬಿಳಿ ವೈನು.'

"ಸಾಲಲ್ಲಿ ಸೊಪ್ಪೆಲ್ಲಿ ಅದೆ ತಾಯಿ?" ಅಂದಳು ಮಂಗಮ್ಮ. "ಔಸ್ದಿ ಒಡೀತಾವ್ರೆ. ನಾನು ಕೆರೆ ಕಾಲ್ವೆ ಕಡೆಯಿಂದ ತತ್ತೀನಿ."

ಜ್ಯೋತ್ಸ್ನಾ ವೇಣುಗೋಪಾಲರ ಮುಖ ನೋಡಿದಳು. ಅವರು, "ಕಾರ್ಡ್ ಪ್ರಿಂಟ್ ಆಗಿದೆ. ಎಲ್ಲಿಂದ ತಂದ್ರೇನು, ಸೊಪ್ಪು ಸೊಪ್ಪೇ. ಯಾರಾದ್ರೂ ಕೇಳಿದ್ರೆ ಸಾಲಿಂದ ಅಂತ ಹೇಳು ಮಂಗಮ್ಮ," ಅಂದರು.

ಮಂಗಮ್ಮ ಒಪ್ಪಿದಳು. ನಾನು ಅವಳನ್ನು ಹರಿಶ್ಚಂದ್ರನ ಮೊಮ್ಮಗಳು ಅಂತ ತೋರಿಸಲು ಬರೆಯುತ್ತಿಲ್ಲ. ಸುಳ್ಳು ಸಣ್ಣದು, ಹದಿನಾಲ್ಕು ಮನೆಯ ಕೂಲಿ ದೊಡ್ಡದು ಅಂತ ಅವಳಿಗೆ ಅನ್ನಿಸಿತು. ನನಗೂ ಹಾಗೇ ಅನ್ನಿಸುತ್ತಿತ್ತು.

ಆ ವಾರದ ಗುರುವಾರ, ಕೊಯ್ಲು ಮುಗಿದಿದ್ದ ಗೇಟಿನ ಪಕ್ಕದ ಎಂಟು ಸಾಲಿಗೆ ಕಳೆನಾಶಕ ಹೊಡೆದರು. ಪಾತ್ರೆ ಇಡಲು ಹೋಗಿದ್ದ ಮಂಗಮ್ಮ ನೋಡಿದಳು. ಹುಳದ ಔಷಧಿಯಾಗಲಿ ಕಳೆಯ ಔಷಧಿಯಾಗಲಿ, ಹೊಡೆದ ಸಾಲಿನ ತುದಿಯ ಕಲ್ಲುಕಂಬಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟುವುದು ಆ ತೋಟದಲ್ಲಿ ಮೊದಲಿನಿಂದ ನಡೆದು ಬಂದದ್ದು. ಕಟ್ಟಿಸಿದ್ದೂ ಮಂಗಮ್ಮನ ಗುಂಪೇ, ಹಳೆಯ ಜಗಳವೊಂದರಲ್ಲಿ. ಕೆಂಪು ಕಂಡರೆ ಆ ಸಾಲಿಗೆ ಕೈ ಹಾಕುವ ಹಾಗಿಲ್ಲ, ಮೇಕೆ ಬಿಡುವ ಹಾಗಿಲ್ಲ. ಈ ಔಷಧಿಯ ಮೋಸ ಏನೆಂದರೆ, ಹೊಡೆದ ಮೇಲೆ ನಾಲ್ಕೈದು ದಿನ ಸೊಪ್ಪು ಹಸಿರಾಗೇ ನಿಂತಿರುತ್ತದೆ. ಆಮೇಲೆ ಹಳದಿ ತಿರುಗುವುದು. ಬಟ್ಟೆ ಇಲ್ಲದಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ.

ಶನಿವಾರ ಬೆಳಕು ಹರಿಯುವ ಮೊದಲೇ ಮಂಗಮ್ಮ ಕಾಲುವೆಯ ಕೆಸರಿಗಿಳಿದಳು. ಹೊನಗೊನ್ನೆ, ಗಣಿಕೆ, ಒಂದಷ್ಟು ಕೀರೆ. ಬರುತ್ತಾ ಪಕ್ಕದ ಮನೆ ಮರದ ನುಗ್ಗೆಸೊಪ್ಪು. ಎರಡು ಚೀಲ ಆಯಿತು. ಆದರೂ ಸಮಾಧಾನವಿಲ್ಲ. ಚೀಲದ ತುಂಬ ಕಾಣುವ ಸೊಪ್ಪು ಬೆಂದರೆ ಬೊಗಸೆಯಾಗುತ್ತದೆ. ತೋಟದ ಅಡುಗೆ ಚಪ್ಪರಕ್ಕೆ ಬಂದು ಒಲೆ ಹಚ್ಚಿ, ಹನ್ನೊಂದರ ಹೊತ್ತಿಗೆ ರಾಧಳಿಗೆ ಫೋನು ಮಾಡಿದಳು. ರಾಧ ಅವತ್ತು ಬೆಂಗಳೂರಿನ ಕೆಲಸಕ್ಕೆ ರಜೆ ಹಾಕಿ ಕೈಗೆ ಒದಗಲು ಬರುವವಳಿದ್ದಳು.

"ಎಲ್ಲಿದ್ದೀಯೇ?"

"ಬಸ್ಸಿಗೆ ನಿಂತಿವ್ನಿ ಅತ್ತೆ. ಮಗು ಬಿಡ್ತಾ ಇರ್ಲಿಲ್ಲ."

"ಬೇಗ ಬಾ. ಈ ಸೊಪ್ಪು ಸಾಲ್ದೇನೋ ಅನ್ಸ್ತಾ ಅದೆ."

ಈ ಒಂದು ಮಾತನ್ನು ಆಡದಿದ್ದರೆ ಏನಾಗುತ್ತಿತ್ತು ಅಂತ ಮಂಗಮ್ಮ ಈಗಲೂ ಕೇಳಿಕೊಳ್ಳುತ್ತಾಳೆ. ಕೇಳಿಕೊಂಡು ಪ್ರಯೋಜನವಿಲ್ಲ. ಆಡಿದಳು.

ರಾಧ ಬಂದಾಗ ಮಧ್ಯಾಹ್ನ ದಾಟಿತ್ತು. ಮಂಗಮ್ಮ ಕೋಳಿಸಾರಿನ ಮಸಾಲೆ ಹುರಿಯುತ್ತಾ ಬೆನ್ನು ತಿರುಗಿಸಿ ಕೂತಿದ್ದಳು. "ಸೊಪ್ಪು ತೊಳ್ದು, ಎಚ್ಚಿ, ಬೇಳೆಗೆ ಆಕು," ಅಂದಳು ತಿರುಗದೆ. ರಾಧ ತೊಳೆದಳು, ಹೆಚ್ಚಿದಳು, ಹಾಕಿದಳು. ಬೆಂದ ಮೇಲೆ ಮಂಗಮ್ಮನೇ ಬಂದು, ದೊಡ್ಡ ಪಾತ್ರೆಯನ್ನು ಕಾಲಲ್ಲಿ ಅದುಮಿಕೊಂಡು ಕಡಗೋಲಿನಲ್ಲಿ ಮಸೆದಳು. ಈರುಳ್ಳಿ ಬೆಳ್ಳುಳ್ಳಿ ಒಗ್ಗರಣೆ ಬಿತ್ತು. ಹದಿನೈದು ಲೀಟರಿನ ಪಾತ್ರೆ ತುಂಬಿ ನಿಂತಿತು. ಅದನ್ನು ನೋಡಿ ಮಂಗಮ್ಮನಿಗೆ ಬೆಳಗಿನಿಂದ ಮೊದಲ ಸಲ ಉಸಿರು ಸಲೀಸಾಯಿತು. ಸೊಪ್ಪು ಸಾಲುತ್ತದೆ. ಸಾಲಿ ಮಿಗುತ್ತದೆ. ಯಾಕೆ ಮಿಗುತ್ತದೆ ಅಂತ ಯೋಚಿಸಲಿಲ್ಲ. ಅಡುಗೆಯವಳ ಪಾಲು ಅಂತ ರಾಧ ಮಗಳಿಗೆ ಒಂದು ಡಬ್ಬಿ ತುಂಬಿಸಿ ಪಕ್ಕಕ್ಕಿಟ್ಟಳು. ಅದೂ ನಮ್ಮಲ್ಲಿ ನಡೆದು ಬಂದದ್ದೇ.

ಐದು ಗಂಟೆಗೆ ಬೆಂಗಳೂರಿನವರು ಬೇವಿನಮರದ ಕೆಳಗೆ ಹಾಕಿದ ಉದ್ದ ಮೇಜಿಗೆ ಕೂತರು. ಅಡುಗೆಯ ಚಪ್ಪರ ಅಲ್ಲಿಂದ ಇಪ್ಪತ್ತು ಹೆಜ್ಜೆ. ತಟ್ಟೆ ಗ್ಲಾಸು ಸಾಗಿಸಲು ಊರಿಗಾಂನ ಸೆಲ್ವರಾಜ್ ಇದ್ದ. ತೋಟದಲ್ಲಿ ಡ್ರೈವರೂ ಅವನೇ, ಮಾಲಿಯೂ ಅವನೇ, ಇವತ್ತು ಬಿಳಿ ಶರಟು ಹಾಕಿಸಿಕೊಂಡು ಸರ್ವರೂ ಅವನೇ. ಮೊದಲ ತಿನಿಸು ಬಂಗಾರಪೇಟೆಯ ಬಿಳಿನೀರಿನ ಪಾನಿಪುರಿ. ಅದನ್ನು ಕೊಟ್ಟು ಖಾಲಿ ಟ್ರೇ ಹಿಡಿದು ಓಡಿ ಬಂದ.

"ಅಕ್ಕಾ, ಅಲ್ಲೊಬ್ರು ಪುರಿ ಒಳಗಿನ ನೀರು ಚೆಲ್ಲಿ ವೈನ್ ಉಯ್ಕೊಂಡ್ರು!"

"ನೀನೇನು ಮಾಡ್ದೆ?"

"ಸೂಪರ್ ಸಾರ್ ಅಂದೆ."

"ಕಳ್ ನನ್ಮಗ್ನೆ. ಅದೇನ್ಲಾ ಬಾಯಲ್ಲಿ ಗುಳುಗುಳು ಅಂತ ಮುಕ್ಕಳಿಸ್ತಾವ್ರೆ? ಅಲ್ಲುಜ್ಜಿ ಬಂದಿಲ್ವಾ?"

"ಅಂಗೇ ಕುಡಿಬೇಕಂತೆ ಅಕ್ಕಾ. ಕೆಲವ್ರು ಉಗೀತಾರೆ, ಅದ್ಕೊಂದು ಬಕೀಟು ಇಕ್ಕಿದೀನಿ."

ರಾಧ ನಗುತ್ತಾ ಎದ್ದು, ಕೈ ಒರೆಸಿಕೊಳ್ಳಲು ಸೆರಗಿನ ಗಂಟು ಬಿಚ್ಚಿದಳು. ಸೆರಗಿನ ಮಡಿಕೆಯಿಂದ ಒಂದು ಕಡ್ಡಿ ಕೆಳಗೆ ಬಿತ್ತು. ಕೆಂಪು ದಂಟು, ದಪ್ಪ ಪುಟ್ಟ ಎಲೆ. ಮಂಗಮ್ಮ ಬಗ್ಗಿ ಎತ್ತಿಕೊಂಡಳು.

"ಇದೆಲ್ಲೀದು?"

"ಯಾವ್ದು?"

"ಗೋಣಿಸೊಪ್ಪು. ನಾನು ಕಿತ್ತಿದ್ದು ಕಾಲ್ವೆ ಕೆಸ್ರಲ್ಲಿ. ಕೆಸ್ರಲ್ಲಿ ಗೋಣಿಸೊಪ್ಪು ಉಟ್ತದಾ? ಎಲ್ಲೀದು ಅಂದೆ."

"ಗೇಟಿಂದ ಬರ್ತಾ ಸಾಲಲ್ಲಿ ಕಿತ್ತೆ ಅತ್ತೆ. ಸಾಲ್ದು ಅಂದಿದ್ಯಲ್ಲ ನೀನು. ನಡೀತಾ ಇದ್ದಂಗೆ ಕೈ ತಾನೇ ಓಗ್ಬಿಡ್ತು. ಒಂದ್ ಮಡ್ಲು ಆಯ್ತು."

"ಗೇಟ್ ಪಕ್ಕದ ಸಾಲಾ?"

"ಊಂ."

ಮಂಗಮ್ಮ ಕಡ್ಡಿ ಹಿಡಿದ ಕೈಯಲ್ಲೇ ರಾಧಳ ಕೆನ್ನೆಗೆ ಬಾರಿಸಿದಳು. "ಕೆಂಪು ಬಟ್ಟೆ ಕಾಣ್ಲಿಲ್ವೇನೇ ನಿನ್ ಕಣ್ಗೆ? ಮೊನ್ನೆ ಔಸ್ದಿ ಒಡ್ದವ್ರೆ ಅದಕ್ಕೆ!"

"ಯಾವ ಬಟ್ಟೆ?" ರಾಧ ಕೆನ್ನೆ ಹಿಡಿದುಕೊಂಡು ಅಳುತ್ತಾ ಕೇಳಿದಳು. "ಒಂದೂ ಇರ್ಲಿಲ್ಲ. ನನ್ ಮಗಿನ ಆಣೆ, ಒಂದು ಚೂರೂ ಇರ್ಲಿಲ್ಲ ಅತ್ತೆ. ಇದ್ದಿದ್ರೆ ಕೈ ಇಕ್ತಿದ್ನಾ?"

ಸೆಲ್ವರಾಜ್ ಟ್ರೇಯನ್ನು ಮೆಲ್ಲಗೆ ಕೆಳಗಿಟ್ಟ. "ಮುರುಗಾ," ಅಂದ. "ನಾನೇ ಅಕ್ಕಾ ಬಿಚ್ಚಿದ್ದು. ಬೆಳಗ್ಗೆ. ಗೆಸ್ಟು ಫೋಟೋ ತೆಗೀತಾರೆ, ಅದು ಚೆನ್ನಾಗ್ ಕಾಣಲ್ಲ, ತೆಗೆದಾಕು ಅಂದ್ರು ಸಾರ್."

ಹನ್ನೆರಡು ವರ್ಷ ಆ ಸಾಲುಗಳ ನಡುವೆ ಸುಮ್ಮನಿದ್ದೇ ಗೊತ್ತಿಲ್ಲದ ಕೈ ರಾಧಳದು. ನಾಲ್ಕು ತಿಂಗಳು ಬೆಂಗಳೂರಿನ ಕಕ್ಕಸು ತೊಳೆದರೂ ಮರೆತಿರಲಿಲ್ಲ. ಕೆಂಪು ಕಂಡರೆ ನಿಲ್ಲುತ್ತಿತ್ತು, ಕಾಣಲಿಲ್ಲ, ನಿಲ್ಲಲಿಲ್ಲ.

ವೇಣುಗೋಪಾಲ್ ಬೇಗ ಬೇಗ ಹೆಜ್ಜೆ ಹಾಕಿಕೊಂಡು ಬಂದರು. "ಎರಡನೇ ವೈನ್ ಸುರೀತಿದ್ದಾರೆ. ಎಲ್ಲಿ ಮಸ್ಸೊಪ್ಪು?"

ಮಂಗಮ್ಮ ಹೇಳಿದಳು. ಅಡ್ಡದಾರಿ ಹಿಡಿಯಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಪಾತ್ರೆಯೊಳಗೆ ನೋಡಿದರು. ಆಮೇಲೆ ಬೆನ್ನ ಹಿಂದಿನ ಮೇಜಿನ ಕಡೆ ನೋಡಿದರು.

"ಎಷ್ಟು ಹಾಕಿದಾಳೆ?"

"ಒಂದ್ ಮಡ್ಲು."

"ಇಷ್ಟು ದೊಡ್ಡ ಪಾತ್ರೆಗೆ ಒಂದು ಮಡಿಲು. ತೊಳೆದಿದೀರಾ, ತೊಳೆದಿದೀರಿ. ಬೇಯಿಸಿದೀರಾ, ಬೇಯಿಸಿದೀರಿ. ಅವರು ತಿನ್ನೋದು ಎರಡೆರಡು ಚಮಚ. ಏನೂ ಆಗಲ್ಲ. ಇಕ್ಕು, ಕಳಿಸು."

"ಅಂಗಂತೀರಾ?"

"ಹಾಗಂತೀನಿ."

ಇಷ್ಟು ಹೊತ್ತಿಗೆ ಜ್ಯೋತ್ಸ್ನಾ ಮೂವರು ಅತಿಥಿಗಳನ್ನು ಕರೆದುಕೊಂಡು ಚಪ್ಪರದ ಬಾಗಿಲಿಗೆ ಬಂದು ನಿಂತಿದ್ದಳು. ಸೌದೆ ಒಲೆ ನೋಡಬೇಕು ಅಂತ ಅವರೇ ಕೇಳಿದ್ದರಂತೆ. ಹಳದಿ ಕುರ್ತಾ ಹಾಕಿದ್ದ ಒಬ್ಬ ಹೆಂಗಸು, ಗಡ್ಡದ ಒಬ್ಬ ಯುವಕ, ಬಿಳಿ ಟೋಪಿಯ ಒಬ್ಬ ವಯಸ್ಸಾದವರು. ಮೂವರ ಕೈಯಲ್ಲೂ ಗ್ಲಾಸು. ಮೂವರೂ ಕನ್ನಡ ಬಲ್ಲವರು. ಬರುತ್ತಾ ಕನ್ನಡದಲ್ಲೇ ಮಾತಾಡಿಕೊಂಡು ಬಂದದ್ದನ್ನು ಸೆಲ್ವರಾಜ್ ಕೇಳಿದ್ದಾನೆ.

ಮಂಗಮ್ಮ ಒಂದು ತಟ್ಟೆ ತೆಗೆದುಕೊಂಡಳು. ಪುಟ್ಟ ಮುದ್ದೆ ಇಟ್ಟಳು, ಮೇಲೆ ಒಂದು ಸೌಟು ಮಸ್ಸೊಪ್ಪು ಹಾಕಿದಳು. ವೇಣುಗೋಪಾಲರ ಮುಂದೆ ಹಿಡಿದಳು.

"ಮೊದ್ಲ ತುತ್ತು ನಿಮ್ದು ಸಾರ್. ಉಣ್ಣಿ."

ಅವರು ನಕ್ಕರು. "ನಾನು ಗೆಸ್ಟ್‌ದೆಲ್ಲ ಆದ್ಮೇಲೆ, ಮಂಗಮ್ಮನೋರೇ." ಜನದ ಮುಂದೆ ಅವಳು ಮಂಗಮ್ಮನವರು, ಮರೆಯಲ್ಲಿ ನೀನು.

"ಒಂದೇ ತುತ್ತು. ಅವ್ರಿಗೆ ಇಪ್ಪತ್ತೆಂಟು ತಟ್ಟೆ ಕಳ್ಸಾಕೆ ಧೈರ್ಯ ಅದೆ, ನಿಮ್ ಬಾಯಿಗೆ ಒಂದು ತುತ್ತು ಇಕ್ಕೊಳಾಕೆ ಇಲ್ವಾ?"

ಅವರು ತಟ್ಟೆ ತೆಗೆದುಕೊಂಡರು. ನೋಡಿದರು. ಕೈ ಮುದ್ದೆಯವರೆಗೆ ಹೋಯಿತು. ತಟ್ಟೆಯನ್ನು ಪಕ್ಕದ ಸ್ಟೂಲಿನ ಮೇಲಿಟ್ಟು, ಅವಳ ಹತ್ತಿರ ಬಂದು ಮೆಲುದನಿಯಲ್ಲಿ, "ಜೂನ್ ವಿಚಾರ ನೆನಪಿಟ್ಕೊಂಡು ಮಾತಾಡು," ಅಂದರು.

ಮುಂದಿನದನ್ನು ಮಂಗಮ್ಮ ನನಗೆ ಮುಚ್ಚಿಡದೆ ಹೇಳಿದ್ದಾಳೆ. ಬೇರೆ ಯಾರಾದರೂ ಆಗಿದ್ದರೆ ಮುಚ್ಚಿಡುತ್ತಿದ್ದರು. "ಅಣ್ಣಾ, ಕಳ್ಸೇಬಿಡಾನ ಅನ್ನುಸ್ತು. ಯಾರೋ ಕಂಡೋರು. ಒಂದಿನ ವಾಂತಿ ಮಾಡ್ಕೊಂಡ್ರೆ ಮಾಡ್ಕೊಳ್ಲಿ. ನಮ್ ಎಂಗಸ್ರು ಇಂಥಾ ಔಸ್ದಿ ಗಾಳೀನೇ ಕುಡ್ದಿಲ್ವಾ? ಜೂನ್ ಬಂದ್ರೆ ಸಾಕು ಅಂತ ಮೂರು ತಟ್ಟೆ ತುಂಬಿಸ್ದೆ." ಹೌದು, ತುಂಬಿಸಿದಳು. ಸೆಲ್ವರಾಜ್ ಟ್ರೇ ಹಿಡಿದು ನಿಂತಿದ್ದ. ನಾಲ್ಕನೆಯದಕ್ಕೆ ಸೌಟು ಎತ್ತಿದಾಗ ಪಕ್ಕದಲ್ಲಿ ಏನೋ ಸದ್ದಾಯಿತು. ರಾಧ ಮಗಳಿಗೆಂದು ಎತ್ತಿಟ್ಟಿದ್ದ ಡಬ್ಬಿಯ ಮುಚ್ಚಳ ತೆಗೆದು, ಒಳಗಿನದನ್ನು ಒಲೆಯ ಬೂದಿಗೆ ಸುರಿಯುತ್ತಿದ್ದಳು. ಬೆರಳಿನಿಂದ ಕೆರೆದು ಕೆರೆದು ಸುರಿಯುತ್ತಿದ್ದಳು.

ಮಂಗಮ್ಮ ಸೌಟು ಕೆಳಗಿಟ್ಟಳು.

"ಇಡ್ಕೊಳೇ ಆ ಕಡೆ," ಅಂದಳು ರಾಧಳಿಗೆ. ಇಬ್ಬರೂ ಪಾತ್ರೆಯ ಎರಡು ಕಿವಿಗೆ ಬಟ್ಟೆ ಸುತ್ತಿ ಎತ್ತಿದರು. ಚಪ್ಪರದಿಂದ ಗೊಬ್ಬರದ ಗುಂಡಿಗೆ ದಾರಿ ಇರುವುದು ಮೇಜಿನ ಪಕ್ಕದಲ್ಲೇ. ಮೇಜಿನವರೆಲ್ಲ ತಲೆಯೆತ್ತಿ ನೋಡುತ್ತಿದ್ದ ಹಾಗೇ ಇಬ್ಬರು ಹೆಂಗಸರು ಬಿಸಿ ಪಾತ್ರೆ ಹೊತ್ತು ದಾಟಿದರು, ಗುಂಡಿಗೆ ಬೋರಲು ಹಾಕಿದರು. ತುಂಬಿಸಿದ್ದ ತಟ್ಟೆಗಳನ್ನೂ ತಂದು ಸುರಿದರು. ಮಂಗಮ್ಮ ಸನಿಕೆ ತೆಗೆದುಕೊಂಡು ಮೇಲೆ ಮಣ್ಣು ಎಳೆದಳು. ನಾಯಿ ನೆಕ್ಕಬಾರದು, ಹಸು ಮೂಸಬಾರದು.

"ಕ್ಷಮಿಸಿ, ಎರಡನೇ ಡಿಶ್ ಸೀದುಹೋಗಿದೆ," ಅಂತ ವೇಣುಗೋಪಾಲ್ ಮೇಜಿಗೆ ಹೇಳುತ್ತಿದ್ದರು.

"ಸೀದಿಲ್ಲ," ಅಂದಳು ಮಂಗಮ್ಮ, ಸನಿಕೆ ಹಿಡಿದೇ. "ನನ್ ಕೈಯಲ್ಲಿ ಯಾವತ್ತೂ ಸೀದಿಲ್ಲ. ಔಸ್ದಿ ಒಡ್ದ ಸೊಪ್ಪು ಬಿದ್ದದೆ. ಕಿತ್ತ ಕೈ ನಮ್ದು, ಒಡ್ದ ಔಸ್ದಿ ಇವ್ರುದು. ಗುರ್ತಿಗೆ ಕಟ್ಟಿದ್ದ ಕೆಂಪು ಬಟ್ಟೆ ಬಿಚ್ಚಿಸ್ದೋರೂ ಇವ್ರೇ. ಆ ಕಾರ್ಡ್ನಾಗೆ ಬರ್ದಿರಾದೂ ಸುಳ್ಳು, ನಾನೂ ಊಂ ಅಂದಿದ್ದೆ."

ಮೇಜಿನಲ್ಲಿದ್ದ ಒಬ್ಬರು, "ಹಾಗಾದ್ರೆ ಈ ಬಿಳಿ ವೈನ್ ಜೊತೆ ಏನು ಕೊಡ್ತೀರಿ?" ಅಂತ ಕೇಳಿದರು. ಅವರು ಕೇಳಿದ್ದು ಅಷ್ಟೇ. ಜ್ಯೋತ್ಸ್ನಾ ಹುರಿದ ಅವರೆಕಾಳು ಕಳಿಸಿದಳು. ಕೋಳಿಸಾರಿಗೆ ಕೆಂಪು ವೈನು, ಹೋಳಿಗೆಗೆ ಸಿಹಿ ವೈನು, ಎಲ್ಲವೂ ನಡೆಯಿತು. ನಾಲ್ಕು ಜನ ದುಡ್ಡು ವಾಪಸು ಕೇಳಿ ಎದ್ದು ಹೋದರು. ಜ್ಯೋತ್ಸ್ನಾ ಹೊರಡುವಾಗ ಮಂಗಮ್ಮನ ಕೈ ಹಿಡಿದು, "ನೀವು ಮಾಡಿದ್ದೇ ಸರಿ ಆಂಟಿ," ಅಂದಳು. ಆಮೇಲೆ ನಾವು ಎಂಟು ಸಲ ಫೋನ್ ಮಾಡಿದ್ದೇವೆ. ಎತ್ತಿಲ್ಲ.

ಊರಿನಲ್ಲಿ ಯಾರೂ ಮಂಗಮ್ಮನಿಗೆ ಹಾರ ಹಾಕಲಿಲ್ಲ. "ನಿಂಗೇನಕ್ಕಾ, ಆಲು ಕರ್ಯಾಕೆ ಎರಡು ಅಸು ಅವೆ. ನಮ್ ಜೂನೂ ಗುಂಡಿಗೆ ಸುರ್ದೆ," ಅಂದಳು ಗುಂಪಿನ ಒಬ್ಬಳು, ಡೈರಿ ಮುಂದೆ, ಎಲ್ಲರೆದುರಿಗೆ. ಮಂಗಮ್ಮ ಯಾವತ್ತೂ ತಿರುಗಿ ಬೈಯುವವಳು, ಅವತ್ತು ಕ್ಯಾನು ಎತ್ತಿಕೊಂಡು ಮನೆಗೆ ಬಂದಳು. ಮಾರ್ಚಿನಲ್ಲಿ ಮಿಕ್ಕ ಸಾಲುಗಳಿಗೂ ಪಂಪು ಹಿಡಿದರು. ರಾಧ ನಸುಕಿನ ರೈಲಿನಲ್ಲೇ ಇದ್ದಾಳೆ.

ನಾವು ಸಂಘದಿಂದ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಟ್ಟೆವು. ಮಂಗಮ್ಮನ ಕೂಲಿ ಕೊಡಬೇಕು, ಹದಿನಾಲ್ಕು ಜನಕ್ಕೆ ಕೈಕಳೆ ಕೆಲಸ ವಾಪಸು ಬೇಕು, ಹೊಡೆದ ಸಾಲಿಗೆ ಗುರುತು ಕಟ್ಟುವುದನ್ನು ಬರವಣಿಗೆಯಲ್ಲಿ ಒಪ್ಪಬೇಕು ಅಂತ. ವೇಣುಗೋಪಾಲ್ ಉತ್ತರ ಕೊಟ್ಟಿದ್ದಾರೆ, ಅಚ್ಚುಕಟ್ಟಾಗಿ ಟೈಪು ಮಾಡಿಸಿ. ಕೆಂಪು ಬಟ್ಟೆ ಯಾವತ್ತೂ ಇರಲಿಲ್ಲ. ಜೂನಿನ ಮಾತು ಆಡಿಯೇ ಇಲ್ಲ. ಅಡುಗೆಯವಳು ಸೀಯಿಸಿ, ಕೆಲಸ ಹೋದ ಸಿಟ್ಟಿಗೆ ನಾಟಕ ಆಡಿದಳು. ಅಧಿಕಾರಿ ಓದಿ, "ನಿಮ್ಮ ಕಡೆ ಸಾಕ್ಷಿ ಯಾರು?" ಅಂದರು. ರಾಧ ಸ್ವಂತ ಅಣ್ಣನ ಮಗಳು, ನಡೆಯುವುದಿಲ್ಲ. ಸೆಲ್ವರಾಜ್ ತನಗೇನೂ ಗೊತ್ತಿಲ್ಲ ಅನ್ನುತ್ತಿದ್ದಾನೆ. ಊರಿಗಾಂನಲ್ಲಿ ಬಾಡಿಗೆ ಕಟ್ಟಬೇಕಾದವನು, ನಾನು ಅವನನ್ನು ಬೈಯುವುದಿಲ್ಲ.

ಹಾಗಾಗಿ ಈ ಬರಹ ಓದುತ್ತಿರುವ ನಿಮಗೆ ಕೇಳುತ್ತಿದ್ದೇನೆ. ಆ ಸಂಜೆ ಚಪ್ಪರದ ಬಾಗಿಲಲ್ಲಿ ಗ್ಲಾಸು ಹಿಡಿದು ನಿಂತಿದ್ದ ಮೂವರಲ್ಲಿ ನೀವೊಬ್ಬರಾಗಿದ್ದರೆ, ಮಂಗಮ್ಮ ತಟ್ಟೆ ಯಾರ ಮುಂದೆ ಹಿಡಿದಳು, ಯಾರು ತಿನ್ನಲಿಲ್ಲ, ಕಿವಿಗೆ ಬಿದ್ದ ಮಾತು ಏನು, ಎಲ್ಲವೂ ನಿಮಗೆ ಗೊತ್ತಿದೆ. ಮಿಕ್ಕ ಇಪ್ಪತ್ತೈದು ಜನರಲ್ಲಿ ಒಬ್ಬರಾಗಿದ್ದರೆ, ಆ ಹೆಂಗಸು ಮಣ್ಣು ಎಳೆಯುತ್ತಾ ಹೇಳಿದ್ದನ್ನು ಕೇಳಿದ್ದೀರಿ. ಎರಡೂ ಅಲ್ಲವಾದರೆ, ಹೋಗಿದ್ದವರು ನಿಮ್ಮ ಆಫೀಸಿನಲ್ಲಿ, ಬೀದಿಯಲ್ಲಿ, ಮನೆಯಲ್ಲಿ ಇದ್ದಾರು. ಹುಡುಕಿ ಅವರ ಮುಂದೆ ಇದನ್ನಿಡಿ. ಅಯ್ಯೋ ಪಾಪ ಅನ್ನುವುದು ನಮಗೆ ಬೇಡ, ಚಂದಾ ಬೇಡ, ಫೋನಿನಲ್ಲಿ ಒತ್ತುವ ಹೆಬ್ಬೆಟ್ಟು ಬೇಡ. ಅಧಿಕಾರಿ ಮುಂದಿನ ವಿಚಾರಣೆ ಇಟ್ಟಿರುವುದು ಮೇ ಎರಡನೇ ವಾರ. ಅದರೊಳಗೆ ಒಂದು ಹಾಳೆಯ ಮೇಲೆ ಕಂಡದ್ದನ್ನು ಕಂಡ ಹಾಗೆ ಬರೆದು, ಹೆಸರು ವಿಳಾಸ ಹಾಕಿ, ಸಹಿ ಮಾಡಿ ಕೊಡಿ. ಬಂಗಾರಪೇಟೆಗೆ ಬರಲಾಗದಿದ್ದರೆ ನೀವಿದ್ದಲ್ಲಿಗೆ ನಾನೇ ಬರುತ್ತೇನೆ.

ಸಹಿ ಹಾಕುತ್ತೀರೋ, ಇಲ್ಲವೋ?